ಕೆಳಗಿನ ಪದರ

ಆಗಸ್ಟ್ 5, ಮಂಗಳವಾರ
ನೋವು: ಹತ್ತಕ್ಕೆ ಎಂಟು

ದಿನಾ ನೋವಿಗೆ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿ ಬರೆದಿಡಬೇಕಂತೆ. ಡಾಕ್ಟರು ಹೇಳಿದ್ದು ಅಷ್ಟೇ. ಒಂದು ಅಂಕ ಬರೆದು ಉಳಿದ ಹಾಳೆಯನ್ನು ಖಾಲಿ ಬಿಡಲು ನನಗೆ ಮನಸ್ಸು ಬರುವುದಿಲ್ಲ, ತುಂಡು ಬಟ್ಟೆಯನ್ನೂ ಎಸೆಯದವಳು ನಾನು. ಮಲಗಿಕೊಂಡೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾದರೂ ಓದುವವರು ಯಾರೂ ಇಲ್ಲ.

ಸ್ಕ್ಯಾನ್ ಚಿತ್ರವನ್ನು ದೀಪದ ಹಲಗೆಗೆ ಸಿಕ್ಕಿಸಿ ಡಾಕ್ಟರು ತೋರಿಸಿದರು. ಬೆನ್ನುಮೂಳೆಯ ನಡುನಡುವೆ ಮೆತ್ತೆಯಂಥ ಡಿಸ್ಕ್ ಇರುತ್ತದಂತೆ. ನನ್ನ ಸೊಂಟದಲ್ಲಿ ಕಟ್ಟಕಡೆಯದು ಹಿಂದಕ್ಕೆ ಉಬ್ಬಿ ಬಂದು ಬಲಗಾಲಿನ ನರವನ್ನು ಒತ್ತುತ್ತಿದೆ. ಅದಕ್ಕೇ ಸೊಂಟದಿಂದ ಕಾಲಿನ ಕಿರುಬೆರಳಿನವರೆಗೆ ಕಾದ ತಂತಿ ಎಳೆದ ಹಾಗೆ ಉರಿ. ಮಾತ್ರೆಗೆ ಬಗ್ಗಲಿಲ್ಲ, ಇನ್ನು ನರದ ಬುಡಕ್ಕೇ ಇಂಜೆಕ್ಷನ್ ಕೊಡುತ್ತಾರಂತೆ.

"ಯಾವಾಗಿಂದ ನೋವು?" ಅಂತ ಕೇಳಿದರು. "ಜೂನ್ ಹನ್ನೊಂದರಿಂದ," ಅಂದೆ, ತಾರೀಖು ಸಮೇತ. ಅವತ್ತು ನಮ್ಮ ಹೊಲಿಗೆ ಅಂಗಡಿಯಲ್ಲಿ ಬಟ್ಟೆಯ ಥಾನನ್ನು, ಅಂದರೆ ಇಡೀ ಸುರುಳಿಯನ್ನು, ಒಬ್ಬಳೇ ಎತ್ತಿದೆ. ಒಬ್ಬಳೇ ಯಾಕೆ ಎತ್ತಬೇಕಾಯಿತು? ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಅಂದು ರಜೆ ಹಾಕಿ ತನ್ನ ಅಕ್ಕನ ಮನೆಗೆ ಹೋಗಿದ್ದಳು. ಇದನ್ನು ಡಾಕ್ಟರಿಗೆ ಹೇಳಲಿಲ್ಲ. ಇಲ್ಲಿ ಬರೆದಿಡುತ್ತೇನೆ.

ನಮ್ಮವರು ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವ ಕೆಲಸದವರು. ಸಂಜೆ ಬಂದವರೇ ಚಪ್ಪಲಿ ಬಿಡುತ್ತಾ, "ಇವತ್ತಿನ ರೀಡಿಂಗ್ ಎಷ್ಟು?" ಅಂದರು. ಇಂಥ ಮನುಷ್ಯನ ಜೊತೆ ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ.

ಆಗಸ್ಟ್ 8, ಶುಕ್ರವಾರ
ನೋವು: ಎಂಟು

ಅಂಗಡಿಯ ಬೀಗದ ಕೈ ಓರಗಿತ್ತಿಗೆ, ನಮ್ಮ ಚಿಕ್ಕವಳಿಗೆ, ಕೊಟ್ಟೆ. ಕೊಡುವಾಗ ಕೈ ಬಿಡಲಿಲ್ಲ, ಅವಳು ಸ್ವಲ್ಪ ಎಳೆದುಕೊಳ್ಳಬೇಕಾಯಿತು.

ಅಂಗಡಿಯಲ್ಲಿ ನಾನು ಕತ್ತರಿಸುವವಳು, ಅವಳು ಹೊಲಿಯುವವಳು. ಹತ್ತೊಂಬತ್ತು ವರ್ಷದಿಂದ ಹೀಗೇ. ಗಿರಾಕಿಗಳ ಬಾಯಲ್ಲಿ ನಾನು ದೊಡ್ಡ ಟೈಲರಮ್ಮ, ಅವಳು ಚಿಕ್ಕ ಟೈಲರಮ್ಮ. ಹೊಲಿಗೆ ಕಲಿತರೆ ಯಾರಿಗಾದರೂ ಬರುತ್ತದೆ. ಕಟಿಂಗ್ ಹಾಗಲ್ಲ. ಕೋಟಿನ ಬಟ್ಟೆಯನ್ನು ಎರಡು ಪದರ ಮಡಿಸಿ ಮೇಜಿನ ಮೇಲೆ ಹಾಸಿ, ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಎರಡನ್ನೂ ಒಂದೇ ಸಲ ಕತ್ತರಿಸಬೇಕು. ಮೇಲಿನ ಪದರ ಕೋಟಿನ ಎಡಭಾಗವಾಗುತ್ತದೆ, ಕೆಳಗಿನದು ಬಲಭಾಗ. ಕತ್ತರಿ ನೆಟ್ಟಗಿರಬೇಕು, ಹಿಡಿದವರೂ ನೆಟ್ಟಗೆ ನಿಂತಿರಬೇಕು. ಒಂಚೂರು ವಾಲಿದರೂ ಮೇಲಿನ ಪದರ ಗೆರೆಯ ಮೇಲೇ ಇರುತ್ತದೆ, ಕಾಣದ ಕೆಳಗಿನ ಪದರ ಕೈಕೊಡುತ್ತದೆ. ಬೇರೆ ಅಂಗಡಿಯ ಕೋಟು ಕಂಡರೆ ಸಾಕು, ಕತ್ತರಿಸಿದವನು ಆಗ ಫೋನಿನಲ್ಲಿ ಹರಟುತ್ತಿದ್ದ ಅಂತ ಹೇಳಿಬಿಡುತ್ತೇನೆ. ನನ್ನ ಎಡ-ಬಲ ಮಾತ್ರ ಅವಳಿಜವಳಿ.

"ಕಟಿಂಗ್‌ಗೆ ಏನ್ಮಾಡೋಣ ಅಕ್ಕ? ಗಿರಾಕಿಗಳು ಕೇಳ್ತಾರೆ," ಅಂದಳು.

"ಕಾಯೋಕೆ ಹೇಳು."

"ಎಷ್ಟು ದಿನ ಅಂತ ಹೇಳ್ಲಿ?"

"ನಾನು ಎದ್ದು ಬರೋವರೆಗೂ."

ಸುಮ್ಮನೆ ತಲೆಯಾಡಿಸಿ ಹೋದಳು. ಅವಳ ಈ ಸುಮ್ಮನಿರುವ ಬುದ್ಧಿಯೇ ನನಗೆ ಆಗದು. ಜಗಳ ಆಡುವವರನ್ನಾದರೂ ನಂಬಬಹುದು.

ಶಾಲೆಯ ಹೆಡ್ ಮಿಸ್ ಬ್ಯಾಂಡ್ ತಂಡಕ್ಕೆ ನಲವತ್ತೆರಡು ಕೋಟು ಬೇಕು ಅಂದಿದ್ದಾರೆ. ನವೆಂಬರಿನಲ್ಲಿ ಶಾಲೆಗೆ ಐವತ್ತು ವರ್ಷ. ನಲವತ್ತೆರಡನ್ನೂ ನನ್ನ ಕೈಯಾರೆ ಕತ್ತರಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಅಷ್ಟರೊಳಗೆ ಆ ಮೇಜಿನ ಮುಂದೆ ನಾನು ನಿಂತಿರಬೇಕು. ಬೇರೆ ಯಾರೂ ಅಲ್ಲ, ನಾನು.

ಆಗಸ್ಟ್ 13, ಬುಧವಾರ
ನೋವು: ಬೆಳಗ್ಗೆ ಎಂಟು, ಮಧ್ಯಾಹ್ನ ಎರಡು (!)

ಇಂಜೆಕ್ಷನ್ ಆಯಿತು. ಹೊಟ್ಟೆಯ ಕೆಳಗೆ ದಿಂಬಿಟ್ಟು ಬೋರಲು ಮಲಗಿಸಿದರು. ಬೆನ್ನಿಗೆ ತಣ್ಣನೆಯ ಔಷಧಿ ಒರೆಸಿ, ಮರಗಟ್ಟಿಸುವ ಸಣ್ಣ ಸೂಜಿ ಚುಚ್ಚಿ, ಆಮೇಲೆ ಎಕ್ಸ್‌ರೇ ಪರದೆ ನೋಡುತ್ತಾ ಉದ್ದನೆಯ ಸೂಜಿ ಇಳಿಸಿದರು. ಸೂಜಿ ಹಿಡಿದೇ ಬದುಕಿದವಳು ಸೂಜಿಗೆ ಹೆದರುತ್ತೇನಾ ಅಂತ ನರ್ಸಮ್ಮನ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಹೆದರಿದೆ.

"ಈಗ ಅದೇ ನೋವು ಕಾಲಿಗೆ ಇಳಿಯುತ್ತೆ. ಗಾಬರಿ ಬೇಡ, ಸರಿಯಾದ ಜಾಗ ಸಿಕ್ತು ಅಂತ ಅರ್ಥ," ಅಂದರು ಡಾಕ್ಟರು. ಇಳಿಯಿತು. ಅಯ್ಯಯ್ಯೋ, ಕಿರುಬೆರಳ ತುದಿಯವರೆಗೂ ಇಳಿಯಿತು. ಆಮೇಲೆ ಯಾರೋ ಸ್ವಿಚ್ ಆರಿಸಿದ ಹಾಗೆ ನಿಂತುಹೋಯಿತು. ಇದು ಮರಗಟ್ಟಿಸುವ ಔಷಧಿಯ ಗುಣ, ನಾಳೆ ನೋವು ಮತ್ತೆ ಬರಬಹುದು, ಊತ ಇಳಿಸುವ ಔಷಧಿ ಕೆಲಸ ಶುರುಮಾಡಲು ಒಂದು ವಾರವಾದರೂ ಬೇಕು ಅಂದರು. ನಾನು ಅರ್ಧ ಕೇಳಿಸಿಕೊಂಡೆ.

ಹೊರಗೆ ಕಾಯುವಾಗ ಒಬ್ಬ ಬಸ್ ಕಂಡಕ್ಟರ್ ಸಿಕ್ಕಿದ್ದ. ಅವನಿಗೂ ಇದೇ ಕಾಯಿಲೆ. "ನಂಗೆ ಒಂದೇ ಇಂಜೆಕ್ಷನ್ ಕಣಮ್ಮ! ಎಂಟನೇ ದಿನಕ್ಕೆ ಬಸ್ ಹತ್ತಿಬಿಟ್ಟೆ," ಅಂತ ಊರಿಗೆಲ್ಲ ಕೇಳುವ ಹಾಗೆ ಹೇಳಿದ. ಹೇಳಿ, ನನ್ನ ಎದುರಿಗೇ ಬಗ್ಗಿ ಬೂಟಿನ ದಾರ ಕಟ್ಟಿಕೊಂಡ. ಬೇಕಂತಲೇ ಬಿಚ್ಚಿ ಕಟ್ಟಿದ ಅಂತ ನನ್ನ ಗುಮಾನಿ. ನಾನು ನನ್ನ ಕಾಲ ಬೆರಳನ್ನು ಮುಟ್ಟಿ ಎರಡು ತಿಂಗಳಾಗಿದೆ.

ಆಗಸ್ಟ್ 14, ಗುರುವಾರ
ನೋವು: ಒಂಬತ್ತು

ಎಲ್ಲ ವಾಪಸ್ಸು ಬಂತು. ಆ ಕಂಡಕ್ಟರನ ಬಸ್ಸು ಕೆಟ್ಟು ನಿಲ್ಲಲಿ.

ಆಗಸ್ಟ್ 20, ಬುಧವಾರ
ನೋವು: ಮೂರು

ನಿಜವಾಗಿಯೂ ಮೂರು. ಮೊನ್ನೆಯಿಂದ ಇಳಿಯುತ್ತಾ ಬಂದಿದೆ. ನಮ್ಮವರಿಗಂತೂ ಖುಷಿಯೋ ಖುಷಿ. "ಎಲ್ಲೋ ಲೀಕ್ ನಿಂತಿದೆ ನೋಡು!" ಅಂದರು. ಅಡುಗೆಮನೆಯವರೆಗೆ ನಡೆದು ನಾನೇ ಟೀ ಮಾಡಿಕೊಂಡೆ.

ಇಷ್ಟಕ್ಕೇ ನಿಲ್ಲಿಸಿ ಮಲಗಿದ್ದರೆ ದಿನ ಚೆನ್ನಾಗಿರುತ್ತಿತ್ತು. ಸಂಜೆ ಹೆಡ್ ಮಿಸ್ ನೋಡಲು ಬಂದರು. ಕಿತ್ತಳೆ ಹಣ್ಣು ತಂದಿದ್ದರು.

"ಬ್ಯಾಂಡ್ ಕೋಟಿನ ಸ್ಯಾಂಪಲ್ ನೋಡ್ದೆ. ಎಷ್ಟು ಚೆನ್ನಾಗಿ ಕೂತಿದೆ ಅಂತೀರಿ! ಟೈಲರಮ್ಮನ ಕೈಲಿ ಏನೋ ಇದೆ ಬಿಡಿ."

"ಯಾವ ಟೈಲರಮ್ಮ?" ಅಂದೆ.

"ನಿಮ್ಮ ತಂಗಿ."

ತಂಗಿಯಂತೆ. 'ಚಿಕ್ಕ' ಅನ್ನುವ ಮಾತು ಎರಡೇ ವಾರದಲ್ಲಿ ಎಲ್ಲಿ ಉದುರಿಹೋಯಿತೋ. ಮೈಯೆಲ್ಲ ಉರಿದುಹೋಯಿತು. ಕಾಯಲು ಹೇಳು ಅಂದಿದ್ದೆ ನಾನು. ನನ್ನ ಬೆನ್ನ ಹಿಂದೆ ಸ್ಯಾಂಪಲ್ ಕತ್ತರಿಸಿ, ಹೊಲಿದು, ತೊಡಿಸಿ, ಹೊಗಳಿಸಿಕೊಂಡೂ ಆಗಿದೆ. ಮನೆಯ ಮಹಡಿಯಲ್ಲೇ ಅವಳ ಸಂಸಾರ. ಮೈದುನ ಲಾರಿ ಓಡಿಸುವವನು, ತಿಂಗಳಲ್ಲಿ ಹೆಚ್ಚು ದಿನ ರಸ್ತೆಯಲ್ಲೇ ಇರುತ್ತಾನೆ. ನನ್ನ ಮಂಚದ ನೆತ್ತಿಯ ಮೇಲೆ ಅವಳ ಹೆಜ್ಜೆ ಟಪಟಪ ಕೇಳುತ್ತದೆ. ಎರಡು ಗಟ್ಟಿ ಕಾಲಿನ ಹೆಜ್ಜೆ. ಕಿತ್ತಳೆ ಹಣ್ಣು ಮುಟ್ಟಲಿಲ್ಲ.

ಆಗಸ್ಟ್ 21, ಗುರುವಾರ
ನೋವು: ಹಾಕುವುದಿಲ್ಲ

ಯಾರಿಗೂ ಹೇಳದೆ ಟ್ಯಾಕ್ಸಿ ಮಾಡಿಕೊಂಡು ಅಂಗಡಿಗೆ ಹೋದೆ. ನನ್ನ ಕತ್ತರಿ ಎಣ್ಣೆಬಟ್ಟೆಯಿಂದ ಹೊರಗೆ, ಮೇಜಿನ ಮೇಲೆ ಬಿದ್ದಿತ್ತು. ಹನ್ನೆರಡು ಇಂಚಿನ ಕತ್ತರಿ. ನನಗೆ ಕಟಿಂಗ್ ಕಲಿಸಿದ ಮಾಸ್ಟರು ಕೈಯಾರೆ ಕೊಟ್ಟದ್ದು. ಅದನ್ನು ಬೇರೆಯವರು ಮುಟ್ಟಬಾರದು ಅನ್ನುವುದು ನಮ್ಮ ಅಂಗಡಿಯ ಕಾನೂನು.

"ನನ್ನ ಕತ್ತರಿ ಮುಟ್ಟಿದ್ಯಾ?"

"ಮುಟ್ಟಿದೆ ಅಕ್ಕ. ಇನ್ನೇನು ಹಲ್ಲಲ್ಲಿ ಕತ್ತರಿಸ್ಲಾ?"

ಹತ್ತೊಂಬತ್ತು ವರ್ಷದಲ್ಲಿ ಅವಳು ಎದುರಾಡಿದ್ದು ಇದೇ ಮೊದಲು. ನಾನು ಥಾನು ಇಳಿಸಿದೆ, ಹಾಸಿದೆ, ಗೆರೆ ಎಳೆದೆ. ಅವಳು "ಬೇಡ ಅಕ್ಕ, ಬೇಡ ಅಕ್ಕ" ಅನ್ನುತ್ತಲೇ ಇದ್ದಳು. ನಾಲ್ಕು ತಾಸು ನಿಂತೇ ಎರಡು ಕೋಟು ಕತ್ತರಿಸಿದೆ. ಬರುವಾಗ ಟ್ಯಾಕ್ಸಿಗೆ ಹತ್ತಲು ಅವಳೇ ನನ್ನ ಕಾಲೆತ್ತಿ ಇಡಬೇಕಾಯಿತು. ಅದನ್ನೂ ಬರೆಯಬಾರದಿತ್ತು.

ಆಗಸ್ಟ್ 22, ಶುಕ್ರವಾರ
ನೋವು: ಹತ್ತು. ಹನ್ನೊಂದಿದ್ದರೆ ಅದನ್ನೇ ಹಾಕುತ್ತಿದ್ದೆ

ಬಚ್ಚಲಿಗೆ ತೆವಳಿಕೊಂಡು ಹೋದೆ.

ಸೆಪ್ಟೆಂಬರ್ 2, ಮಂಗಳವಾರ
ನೋವು: ಎಂಟು

ಡಾಕ್ಟರ ಹತ್ತಿರ ಚೆನ್ನಾಗಿ ಬೈಸಿಕೊಂಡೆ. "ಇಂಜೆಕ್ಷನ್ ಊತ ಇಳಿಸುತ್ತೆ ಅಷ್ಟೇ ತಾಯಿ, ಡಿಸ್ಕನ್ನ ಒಳಗೆ ತಳ್ಳಲ್ಲ. ಅದು ತಾನಾಗೇ ಕುಗ್ಗೋವರೆಗೆ ನೀವು ಸುಮ್ಮನಿರಬೇಕು. ಸುಮ್ಮನಿರೋದು ಗೊತ್ತಾ ನಿಮಗೆ?" ಅಂದರು. ನಮ್ಮವರು ಪಕ್ಕದಲ್ಲಿ ಕೂತು, ಗೊತ್ತಿಲ್ಲ ಅಂತ ನನ್ನ ಪರವಾಗಿ ತಲೆಯಾಡಿಸಿದರು.

ಇಪ್ಪತ್ನಾಲ್ಕಕ್ಕೆ ಎರಡನೇ ಇಂಜೆಕ್ಷನ್. ಅದೂ ಹಿಡಿಯದಿದ್ದರೆ ಆಪರೇಷನ್ ಮಾತು. ಆಮೇಲೆ ತಿಂಗಳುಗಟ್ಟಲೆ ಮೇಜಿನ ಹತ್ತಿರ ಸುಳಿಯುವ ಹಾಗಿಲ್ಲ.

ಹೆಡ್ ಮಿಸ್ ಕಾಯಲಿಲ್ಲ. ನಲವತ್ತೆರಡು ಕೋಟಿನ ಕಟಿಂಗ್ ಕೂಡ ಚಿಕ್ಕವಳಿಗೇ ಹೋಯಿತು. "ಒಪ್ಕೊಳ್ಲಾ ಅಕ್ಕ?" ಅಂತ ಬಾಗಿಲಲ್ಲಿ ನಿಂತು ಕೇಳಿದಳು. "ನನ್ನನ್ನೇನು ಕೇಳ್ತೀಯಮ್ಮ, ಈಗ ನೀನೇ ಟೈಲರಮ್ಮ," ಅಂದೆ. ಅಳುತ್ತಾಳೇನೋ ಅಂದುಕೊಂಡೆ. ಅಳಲಿಲ್ಲ. ಹೋಗಿ ಒಪ್ಪಿಕೊಂಡಳು.

ಈಗ ನನಗೆ ಯಾರನ್ನು ಕಂಡರೂ ಹೊಟ್ಟೆಕಿಚ್ಚು. ಕಿಟಕಿಯಾಚೆ ಬಸ್ಸಿಗೆ ಓಡುವವರ ಮೇಲೆ, ಬಿದ್ದ ನಾಣ್ಯ ಹೆಕ್ಕುವವರ ಮೇಲೆ, ಕೂತಲ್ಲೇ ಸೀನುವವರ ಮೇಲೆ. ನಾನು ಸೀನಬೇಕಾದರೆ ಮೊದಲು ಮಂಚದ ಕಾಲು ಹಿಡಿದುಕೊಳ್ಳಬೇಕು. ನಮ್ಮವರು ನಿದ್ದೆಯಲ್ಲಿ ಮಗ್ಗುಲು ಬದಲಿಸಿದರೂ ನನಗೆ ಸಿಟ್ಟು ಬರುತ್ತದೆ. ಎಲ್ಲರಿಗಿಂತ ಹೆಚ್ಚು ನೆತ್ತಿಯ ಮೇಲಿನ ಆ ಟಪಟಪದ ಮೇಲೆ.

ಸೆಪ್ಟೆಂಬರ್ 16, ಮಂಗಳವಾರ
ನೋವು: ಆರು

ಬೇಜಾರಿಗೆ ಇರಲಿ ಅಂತ ಚಿಕ್ಕವಳು ಹೊಲಿಗೆ ಬಿಚ್ಚುವ ಕೆಲಸ ಕಳಿಸಿದ್ದಾಳೆ. ಕಲಿಯುವವರಿಗೆ ಮೊದಲ ದಿನ ಕೊಡುವ ಕೆಲಸ. ಆದರೂ ಮಾಡಿದೆ, ಕೈ ಕೆರೆಯುತ್ತಿತ್ತು.

ಹೆಡ್ ಮಿಸ್ಸಿನ ಬೂದು ಕೋಟು. ಕಳೆದ ಅಕ್ಟೋಬರಿನಲ್ಲಿ ನಾನೇ ಕತ್ತರಿಸಿದ್ದು. ಈಗ ಮೈ ಬಂದಿದೆ, ಸೊಂಟದಲ್ಲಿ ಸಡಿಲ ಮಾಡಬೇಕು. ಮಗ್ಗುಲಾಗಿ ಮಲಗಿ ಕೋಟಿನ ಒಳಗಿನ ಲೈನಿಂಗ್ ಬಟ್ಟೆ ಬಿಚ್ಚಿದೆ. ಎಡಗಡೆ ಹೊಲಿಗೆಯಾಚೆ ಅರ್ಧ ಇಂಚು ಅಂಚು ಇತ್ತು, ನಾನು ಯಾವಾಗಲೂ ಬಿಡುವಷ್ಟೇ. ಬಲಗಡೆ ನೋಡಿದರೆ ಕಾಲು ಇಂಚೇ! ಹೊಲಿಗೆ ಬಿಟ್ಟುಕೊಳ್ಳದಿರಲಿ ಅಂತ ಒಳಗಿನಿಂದ ಸಣ್ಣ ಪಟ್ಟಿ ಕೊಟ್ಟು, ಚಿಕ್ಕವಳು ಕಾಣದ ಹಾಗೆ ಕೈಹೊಲಿಗೆ ಹಾಕಿದ್ದಳು.

ಸಿಕ್ಕಿಬಿದ್ದಳು ಕಳ್ಳಿ ಅಂದುಕೊಂಡೆ. ಹೀಗಾ ಹೊಲಿಯುವುದು! ನಾಳೆ ಬರಲಿ, ಇದೆ ಅವಳಿಗೆ. ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬಾ ಊಟ ಮಾಡಿದೆ.

ಸೆಪ್ಟೆಂಬರ್ 17, ಬುಧವಾರ
ನೋವು: ಆರು

ಊಟ ಜೀರ್ಣವಾಗಲಿಲ್ಲ.

ಬೆಳಗ್ಗೆ ಆ ಎರಡು ತುಂಡನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ. ತಪ್ಪು ಹೊಲಿಗೆಯದಲ್ಲ. ಬಟ್ಟೆಯೇ ಕಡಿಮೆ. ಬಲಭಾಗ, ಅಂದರೆ ಕೆಳಗಿನ ಪದರ, ಮೇಲಿನಿಂದ ಕೆಳಗಿನವರೆಗೆ ಕಾಲು ಇಂಚು ಸಣ್ಣ. ಅದು ಕತ್ತರಿಯ ತಪ್ಪು. ಕತ್ತರಿ ಹಿಡಿದದ್ದು ನಾನು.

ನಮ್ಮವರನ್ನು ಕೂಗಿ ಬೀರುವಿನಿಂದ ಅವರ ಕೋಟುಗಳನ್ನೆಲ್ಲ ತೆಗೆಸಿದೆ. "ಈ ಬಿಸಿಲಲ್ಲಿ ಕೋಟು ಯಾಕೆ?" ಅಂದರು. ಸುಮ್ಮನೆ ಕೊಡಿ ಅಂದೆ. ಎರಡು ವರ್ಷದ ಹಿಂದಿನ ಕಂದು ಕೋಟು: ಎಡ-ಬಲ ಸರಿಸಮ. ಕಳೆದ ವರ್ಷ ಜೂನಿನಲ್ಲಿ ಹೊಲಿದ ನೀಲಿ ಕೋಟು: ಬಲಗಡೆ ಒಂದು ದಾರದಷ್ಟು ಕಡಿಮೆ.

ಕಳೆದ ವರ್ಷ ಜೂನ್. ಥಾನು ಎತ್ತುವುದಕ್ಕೆ ಇಡೀ ಒಂದು ವರ್ಷ ಮೊದಲು.

ನೆನಪು ಮಾಡಿಕೊಂಡೆ. ಆಗ ಬಲಗಾಲು ಜೋಮು ಹಿಡಿಯುತ್ತಿತ್ತು, ಹೌದು. ಚಪ್ಪಲಿಯ ತಪ್ಪು ಅಂತ ಹೊಸ ಚಪ್ಪಲಿ ಕೊಂಡಿದ್ದೆ. ಎಡಗಾಲಿನ ಮೇಲೆ ಭಾರ ಬಿಟ್ಟು ನಿಲ್ಲುವುದು ಯಾವಾಗ ಶುರುವಾಯಿತೋ ನನಗೇ ಗೊತ್ತಿಲ್ಲ. ಒಂದು ವರ್ಷದಿಂದ ನಾನು ಸೊಟ್ಟಗೆ ನಿಂತು ಊರಿಗೆಲ್ಲ ಸೊಟ್ಟ ಕೋಟು ಕತ್ತರಿಸಿದ್ದೇನೆ. ಒಬ್ಬರೂ ದೂರು ತರಲಿಲ್ಲ. ಯಾಕೆ ತರಲಿಲ್ಲ ಅನ್ನುವುದು ಈಗ ಈ ಪಟ್ಟಿ ನೋಡಿದರೆ ಗೊತ್ತಾಗುತ್ತದೆ.

ಸೆಪ್ಟೆಂಬರ್ 19, ಶುಕ್ರವಾರ
ನೋವು: ಆರು

ಬಿಚ್ಚಿದ ಬಟ್ಟೆ ಒಯ್ಯಲು ಸಂಜೆ ಚಿಕ್ಕವಳು ಬಂದಳು. ಬೂದು ಕೋಟಿನ ಬಲಭಾಗವನ್ನು ಅವಳ ಮುಖಕ್ಕೆ ಹಿಡಿದೆ.

"ಇದೇನೇ?"

"ಪಟ್ಟಿ ಅಕ್ಕ."

"ಪಟ್ಟಿ ಅಂತ ನಂಗೂ ಕಾಣುತ್ತೆ. ಯಾಕೆ ಹಾಕ್ದೆ?"

"ಅಂಚು ಸಾಲ್ತಿರ್ಲಿಲ್ಲ. ಹಾಗೇ ಬಿಟ್ಟಿದ್ರೆ ಅವರು ಕೈ ಎತ್ತಿದ ಕೂಡ್ಲೇ ಹೊಲಿಗೆ ಬಿಟ್ಕೊಳ್ತಿತ್ತು."

"ಎಷ್ಟು ದಿನದಿಂದ ಗೊತ್ತು ನಿಂಗೆ?"

"ಹೋದ ವರ್ಷ ಮೇ ತಿಂಗಳಿಂದ. ಮೊದಮೊದಲು ದಾರದಷ್ಟು. ಆಮೇಲಾಮೇಲೆ ಕಾಲಿಂಚು. ನೀವು ಎಡಗಾಲ ಮೇಲೇ ನಿಲ್ತಿದ್ರಿ."

"ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಹೇಳ್ಬಾರದಿತ್ತಾ?"

"ಹೇಳಿದ್ದೆ. ಕೆಳಗಿನ ಪದರ ಸರಿ ಬರ್ತಿಲ್ಲ ಅಕ್ಕ, ಕತ್ತರಿ ಸಾಣೆ ಹಿಡಿಸೋಣ ಅಂದೆ. ನೀವೇನಂದ್ರಿ ನೆನಪಿದ್ಯಾ?"

ನೆನಪಿತ್ತು. ನೆಟ್ಟಗೆ ಹೊಲಿಯೋಕೆ ಬರದವರಿಗೆ ಕತ್ತರಿ ಮೇಲೆ ಕಣ್ಣು ಅಂದಿದ್ದೆ, ನಾಲ್ಕು ಜನ ಗಿರಾಕಿಗಳ ಎದುರಿಗೆ. ಅವರು ನಕ್ಕಿದ್ದರು. ನಾನೂ ನಕ್ಕಿದ್ದೆ.

"ಆಮೇಲೆ ನಾನು ಹೇಳ್ಲಿಲ್ಲ. ಒಂದೊಂದು ಕೋಟನ್ನೂ ನಿಮ್ಮನ್ನ ಬೈಕೊಂಡೇ ಸರಿಮಾಡಿದೆ. ಹೊಗಳಿಕೆ ನಿಮಗೆ, ಪಟ್ಟಿ ಹಾಕೋ ಕೆಲಸ ನಂಗೆ. ನಾನೇನು ದೇವತೆ ಅಲ್ಲ ಅಕ್ಕ. ಹೊಟ್ಟೆ ಉರೀತಿತ್ತು."

"ಹೋಗು, ಮೇಲೆ ಹೋಗು," ಅಂದೆ. ಹೋದಳು.

ಅವಳಿಗೂ ಹೊಟ್ಟೆ ಉರಿಯುತ್ತಿತ್ತಂತೆ! ಇಷ್ಟು ವರ್ಷ ಹೊಟ್ಟೆಕಿಚ್ಚು ನನ್ನೊಬ್ಬಳ ಸ್ವತ್ತು ಅಂದುಕೊಂಡಿದ್ದೆ. ನನ್ನ ಕಾಲಿನ ನೋವು ನನಗಿಂತ ಮೊದಲು ಅವಳಿಗೆ ತಿಳಿದಿತ್ತು ಅನ್ನುವುದನ್ನಂತೂ ತಡೆದುಕೊಳ್ಳಲಾರೆ. ಅವಳ ಮೈಯಲ್ಲಿ ಏನಾಗುತ್ತಿದೆ ಅಂತ ನಾನು ಯಾವತ್ತು ನೋಡಿದ್ದೆ? ಅವಳ ಕೋಟಿನ ಅಳತೆ ಕೂಡ ನನಗೆ ಗೊತ್ತಿಲ್ಲ. ಅಳತೆ ಪುಸ್ತಕದಲ್ಲಿ ಊರಿನವರೆಲ್ಲ ಇದ್ದಾರೆ, ಅವಳಿಲ್ಲ. ನಾನು ಬಿಟ್ಟ ಬಟ್ಟೆಗಳನ್ನು ತನ್ನ ಮೈಗೆ ಸರಿಮಾಡಿಕೊಂಡು ತೊಡುತ್ತಾಳೆ.

ಸೆಪ್ಟೆಂಬರ್ 24, ಬುಧವಾರ
ನೋವು: ಬೆಳಗ್ಗೆ ಏಳು. ಮಧ್ಯಾಹ್ನದ್ದು ನಂಬುವ ಹಾಗಿಲ್ಲ

ಎರಡನೇ ಇಂಜೆಕ್ಷನ್. ನಮ್ಮವರಿಗೆ ರಜೆ ಸಿಗಲಿಲ್ಲ. ಚಿಕ್ಕವಳು ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಬಂದಳು.

ಹೊರಗಿನ ಬೆಂಚಿನಲ್ಲಿ ಅದೇ ಕಂಡಕ್ಟರ್! ಕೋಲು ಊರಿಕೊಂಡಿದ್ದ. "ಮತ್ತೆ ಬಂತು ಕಣಮ್ಮ, ಇದು ಮೂರನೇದು," ಅಂದ, ಈ ಸಲ ಮೆಲ್ಲಗೆ. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಬರೆಯಲಿ. ಪಾಪ ಅನ್ನಿಸಿದ್ದು ಆಮೇಲೆ. ಅವನ ಬೂಟಿನ ದಾರ ಬಿಚ್ಚಿಕೊಂಡಿತ್ತು. ಚಿಕ್ಕವಳು ಬಗ್ಗಿ ಕಟ್ಟಿದಳು.

ಚೀಟಿ ನೋಡುತ್ತಾ ಡಾಕ್ಟರು, "ಜೂನ್ ಹನ್ನೊಂದರಿಂದ ಅಲ್ವಾ ನೋವು?" ಅಂದರು.

"ಅಲ್ಲ, ಹೋದ ವರ್ಷ ಮೇ ತಿಂಗಳಿಂದ. ಅವತ್ತು ತಪ್ಪು ಬರೆಸಿದ್ದೆ," ಅಂದೆ. ಚಿಕ್ಕವಳು ಕಿಟಕಿಯ ಕಡೆ ನೋಡುತ್ತಾ ನಿಂತಿದ್ದಳು.

ಆದ ಮೇಲೆ ನನ್ನ ಕಾಲಿಗೆ ಚಪ್ಪಲಿ ತೊಡಿಸಿದಳು. ಏಳುವಾಗ ಗೋಡೆ ಹಿಡಿದುಕೊಂಡಳು. ಹಾಗೆ ಗೋಡೆ ಹಿಡಿದಾದರೂ ಬಗ್ಗಿ ಏಳುತ್ತಾಳಲ್ಲ, ನನಗೆ ಅದಕ್ಕೂ ಹೊಟ್ಟೆಕಿಚ್ಚು.

ಅಕ್ಟೋಬರ್ 6, ಸೋಮವಾರ
ನೋವು: ಎರಡು

ಈ ಸಲ ಮಾತು ಕೇಳಿದ್ದೇನೆ. ಭಾರ ಎತ್ತಿಲ್ಲ, ಬಗ್ಗಿಲ್ಲ, ದಿನಕ್ಕೆ ಮೂರು ಸಲ ಅಂಗಳದ ಗೇಟಿನವರೆಗೆ ನಡೆಯುತ್ತೇನೆ. ನಮ್ಮವರು ಹಿಂದಿನಿಂದ ಮೀಟರ್ ಓದುವವರ ಹಾಗೆ ಕುತ್ತಿಗೆ ಚಾಚಿ ನೋಡುತ್ತಾ ಬರುತ್ತಾರೆ.

ಚಿಕ್ಕವಳಿಗೆ ಮಾತ್ರ ಗತ್ತು ಬಂದಿದೆ. ಮೊದಲು ಟಪಟಪ ಅಂತ ಮೆಟ್ಟಿಲು ಇಳಿಯುತ್ತಿದ್ದವಳು ಈಗ ಒಂದೊಂದೇ ಮೆಟ್ಟಿಲು, ಕಂಬಿ ಹಿಡಿದು, ರಾಣಿಯ ಹಾಗೆ. ನಲವತ್ತೆರಡು ಕೋಟಿನ ಟೈಲರಮ್ಮ ಅಲ್ಲವೇ.

ಅಕ್ಟೋಬರ್ 15, ಬುಧವಾರ
ನೋವು: ಎರಡು

ದಿನಕ್ಕೆ ಒಂದು ತಾಸು ಅಂಗಡಿಗೆ ಹೋಗಬಹುದು ಅಂತ ಡಾಕ್ಟರು ಒಪ್ಪಿದರು. ಆದರೆ ಗೆರೆ ಎಳೆಯಬಹುದು, ಕತ್ತರಿಸಬಾರದು. ಎತ್ತರದ ಸ್ಟೂಲಿನಲ್ಲಿ ಕೂತು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಅವಳು ನಿಂತು ಕತ್ತರಿಸಿದಳು, ನನ್ನ ಕತ್ತರಿಯಲ್ಲಿ. ಕೈ ಚೆನ್ನಾಗಿದೆ. ಇದನ್ನು ಇ‌ಲ್ಲಿ ಬರೆಯುತ್ತೇನೆ, ಅವಳಿಗೆ ಹೇಳುವುದಿಲ್ಲ.

ಇಪ್ಪತ್ತೈದು ಕೋಟು ಮುಗಿದಿವೆ. ಉಳಿದ ಹದಿನೇಳಾದರೂ ನನಗೆ ಸಿಗಬೇಕು. ಅವಳು ಎಲ್ಲಾದರೂ ಒಂದು ಕಡೆ ತಪ್ಪಿದರೆ ಸಾಕು, ಹೆಡ್ ಮಿಸ್ ತಾವಾಗೇ ನನ್ನ ಹತ್ತಿರ ಬರುತ್ತಾರೆ.

ಅಕ್ಟೋಬರ್ 21, ಮಂಗಳವಾರ

ಕೆಲಸ ಎಲ್ಲಿಯವರೆಗೆ ಬಂತು ಅಂತ ನೋಡಲು ಇವತ್ತು ನಾಲ್ಕು ಗಂಟೆಗೆ ಹೆಡ್ ಮಿಸ್ ಬರುವವರಿದ್ದರು. ಚಿಕ್ಕವಳು ಗುಂಡಿ ತರಲು ಹೋದ ಹೊತ್ತು ನೋಡಿ ನಾನು ಕಳ್ಳಿಯ ಹಾಗೆ ಕತ್ತರಿಸಿಟ್ಟ ರಾಶಿಗೆ ಕೈ ಹಾಕಿದೆ. ಒಂದೊಂದು ಜೋಡಿಯನ್ನೂ ಬಿಡಿಸಿ ಎಡಭಾಗದ ಮೇಲೆ ಬಲಭಾಗ ಇಟ್ಟು ನೋಡಿದೆ. ಹಳೆಯವು ಸರಿಸಮ. ಕಣ್ಣಿಗೆ ಒತ್ತಿಕೊಳ್ಳುವಷ್ಟು ಸರಿಸಮ. ಈ ವಾರದ್ದಕ್ಕೆ ಬಂದೆ. ಸಿಕ್ಕಿತು!

ಕೆಳಗಿನ ಪದರ ಕಾಲು ಇಂಚು ಹೊರಗೆ. ಇನ್ನೊಂದು ಜೋಡಿ ನೋಡಿದೆ, ಅದೂ ಹಾಗೇ. ಆರು ಜೋಡಿ. ಎದೆ ಡವಡವ ಹೊಡೆದುಕೊಂಡಿತು, ಸಂತೋಷಕ್ಕೆ. ಹೆಡ್ ಮಿಸ್ಸಿಗೆ ಏನು ಹೇಳಬೇಕು ಅಂತ ಮಾತು ಕೂಡ ಜೋಡಿಸಿಕೊಂಡೆ.

ಆಮೇಲೆ ಮತ್ತೆ ನೋಡಿದೆ. ನನ್ನದು ಕಡಿಮೆ ಬರುತ್ತಿತ್ತು. ಇವಳದು ಜಾಸ್ತಿ ಬಂದಿದೆ. ಅಂದರೆ ಇವಳು ವಾಲುತ್ತಿರುವುದು ಇನ್ನೊಂದು ಕಡೆಗೆ. ಭಾರವೆಲ್ಲ ಬಲಗಾಲಿನ ಮೇಲೆ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು. ಆಸ್ಪತ್ರೆಯಲ್ಲಿ ಗೋಡೆ ಹಿಡಿದದ್ದು. ಜೂನಿನಿಂದ ಈ ಥಾನುಗಳನ್ನೆಲ್ಲ ಎತ್ತಿದವರು ಯಾರು, ನಮ್ಮವರಾ?

ಅಷ್ಟರಲ್ಲಿ ಹೆಡ್ ಮಿಸ್ ಒಳಗೆ ಬಂದೇಬಿಟ್ಟರು, ಹಿಂದೆಯೇ ಗುಂಡಿಯ ಪೊಟ್ಟಣ ಹಿಡಿದು ಚಿಕ್ಕವಳು. ನನ್ನ ಕೈಯಲ್ಲಿ ಆ ಜೋಡಿ ಇತ್ತು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಮುಖ ಬಿಳಿಚಿಕೊಂಡಿತು.

"ಏನ್ ದೊಡ್ಡ ಟೈಲರಮ್ಮ, ಪರೀಕ್ಷೆ ನಡೀತಿದೆ! ಎಲ್ಲ ಸರಿಯಾಗಿದ್ಯಾ?" ಅಂದರು ಹೆಡ್ ಮಿಸ್.

"ನಮ್ಮಂಗಡಿ ಬಟ್ಟೆ ಎಂದಾದ್ರೂ ತಪ್ಪಿದ್ದುಂಟಾ ಮಿಸ್?" ಅಂದೆ. ಜೋಡಿಯನ್ನು ಮಡಿಸಿ ತೊಡೆಯ ಕೆಳಗೆ ಇಟ್ಟುಕೊಂಡು ಕೂತೆ.

ಅವರು ಹೋಗುವವರೆಗೆ ಕಾದೆ. ಅವಳ ಹಾಗೆ ವರ್ಷಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾತಿ ನನ್ನದಲ್ಲ.

"ಎಡಗಾಲು ಎಷ್ಟು ದಿನದಿಂದ ನೋಯ್ತಿದೆ?"

"ಏನಿಲ್ಲ ಅಕ್ಕ."

"ಸುಳ್ಳು ಹೇಳ್ಬೇಡ, ಬಟ್ಟೆ ಹೇಳ್ತಿದೆ."

ಗುಂಡಿಯ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ಆಮೇಲೆ, "ಒಂದು ತಿಂಗಳಾಯ್ತು," ಅಂದಳು.

"ಯಾಕೆ ಹೇಳ್ಲಿಲ್ಲ?"

"ನೀವು ಮಲಗಿದ್ರಿ. ನಾನೂ ಮಲಗಿಬಿಟ್ರೆ ಅಂಗಡಿ ಯಾರು ನೋಡ್ತಾರೆ? ಅಲ್ಲದೆ..."

"ಅಲ್ಲದೆ ಏನು?"

"ಹೇಳಿದ್ರೆ ಮೇಜು ವಾಪಸ್ ತಗೊಳ್ತೀರ ಅನ್ನಿಸ್ತು."

ತೆಗೆದುಕೊಳ್ಳುತ್ತಿದ್ದೆ. ನಿನ್ನೆ ಹೇಳಿದ್ದರೆ ಖಂಡಿತ ತೆಗೆದುಕೊಳ್ಳುತ್ತಿದ್ದೆ. ಅವಳನ್ನು ನನ್ನ ಸ್ಟೂಲಿನ ಮೇಲೆ ಕೂರಿಸಿದೆ. ಕೂತವಳೇ ಕಣ್ಣು ಮುಚ್ಚಿಕೊಂಡಳು. ಕೂತರೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಹೆಚ್ಚಿಗೆ ಬಂದ ಕಾಲು ಇಂಚನ್ನು ಆರೂ ಜೋಡಿಯಲ್ಲಿ ನಾನೇ ಕತ್ತರಿಸಿ ತೆಗೆದೆ, ನಿಧಾನವಾಗಿ, ಎರಡೂ ಕಾಲಿನ ಮೇಲೆ ನಿಂತು. ನನ್ನದಾಗಿದ್ದರೆ ಪಟ್ಟಿ ಹಾಕಬೇಕಿತ್ತು. ತಪ್ಪು ಮಾಡುವುದರಲ್ಲೂ ಇವಳು ನನಗಿಂತ ಅಚ್ಚುಕಟ್ಟು ಅಂತ ಆಗಲೂ ಹೊಟ್ಟೆಕಿಚ್ಚಾಯಿತು.

ನಾಳೆ ಬುಧವಾರ, ಡಾಕ್ಟರು ಇರುತ್ತಾರೆ. ಹತ್ತು ಗಂಟೆಗೆ ಬರುತ್ತೇವೆ ಅಂತ ಫೋನ್ ಮಾಡಿದೆ. ಉಳಿದ ಕೋಟುಗಳಿಗೆ ಹತ್ತು ನಿಮಿಷ ಅವಳು, ಹತ್ತು ನಿಮಿಷ ನಾನು. ಥಾನು ಎತ್ತಲು ನಮ್ಮವರು. ಅಳತೆ ಪುಸ್ತಕದಲ್ಲಿ ಅವಳ ಅಳತೆ ಬರೆದುಕೊಂಡೆ, ಕೂತಿದ್ದಾಗಲೇ ತೋಳು, ಬೆನ್ನು. ಸೊಂಟದ್ದು ನೋವು ಇಳಿದ ಮೇಲೆ. ಆದರೆ ಒಂದೇ ಇಂಜೆಕ್ಷನ್ನಿಗೆ ಇವಳು ಗುಣವಾಗಿ ನನ್ನೆದುರು ಟಪಟಪ ಓಡಾಡಿದರೆ ನಾನು ಸುಮ್ಮನಿರುವವಳಲ್ಲ, ಅದನ್ನು ಈಗಲೇ ಹೇಳಿಬಿಟ್ಟಿದ್ದೇನೆ.

ನಮ್ಮವರು ಬಂದು, "ಇವತ್ತಿನ ರೀಡಿಂಗ್?" ಅಂದರು. ಆಗ ನೆನಪಾಯಿತು, ಬರೆದೇ ಇಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಅವಳನ್ನು ಕೂಗಿ ಕೇಳಿದೆ.

ನೋವು: ಐದು ಅಂದಳು. ಅವಳು ಯಾವತ್ತೂ ಕಡಿಮೆ ಹೇಳುವವಳು. ಎಂಟು.